ನಾಲ್ಕು ಟ್ಯಾಂಕ್, ಎರಡು ಪಂಪ್: ನ್ಯೂರಲ್ ನೆಟ್‌ವರ್ಕ್ ಬೆಳೆಸಿ ಕಂಟ್ರೋಲ್ ಮಾಡಿದವರು ಯಾರಾದರೂ ಇದ್ದೀರಾ?

ಕೇಳಿದವರು

ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬಿನಲ್ಲಿ ನಾಲ್ಕು ಟ್ಯಾಂಕಿನ ಒಂದು ಸೆಟಪ್ ಇದೆ. ಕೆಳಗೆ ಎರಡು ಟ್ಯಾಂಕ್, ಅವುಗಳ ಮೇಲೆ ಎರಡು. ಪಂಪ್ ಎರಡೇ. ಒಂದೊಂದು ಪಂಪಿನ ನೀರೂ ವಾಲ್ವ್ ಹತ್ತಿರ ಕವಲಾಗಿ, ಒಂದು ಪಾಲು ತನ್ನ ಕಡೆಯ ಕೆಳಗಿನ ಟ್ಯಾಂಕಿಗೆ, ಉಳಿದದ್ದು ಎದುರು ಕಡೆಯ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಮೇಲಿನ ಟ್ಯಾಂಕಿನ ತಳದಲ್ಲಿ ತೂತಿದೆ, ಅಲ್ಲಿಂದ ನೀರು ಕೆಳಗಿನದಕ್ಕೆ ಬೀಳುತ್ತದೆ. ಕೆಳಗಿನ ಎರಡೂ ಟ್ಯಾಂಕಿನ ಮಟ್ಟ ನಾನು ಹೇಳಿದಲ್ಲಿ ನಿಲ್ಲಬೇಕು.

ಒಂದೊಂದು ಪಂಪಿಗೆ ಒಂದರಂತೆ ಎರಡು ಪಿಐಡಿ (ಬೇಕಾದ ಮಟ್ಟಕ್ಕೂ ಈಗಿನ ಮಟ್ಟಕ್ಕೂ ಇರುವ ಅಂತರ ನೋಡಿ ಪಂಪ್ ಏರಿಸಿ ಇಳಿಸುವ ಮಾಮೂಲಿ ಕಂಟ್ರೋಲರ್) ಹಾಕಿ ನೋಡಿದೆ. ಒಂದು ಟ್ಯಾಂಕ್ ಹದಕ್ಕೆ ಬಂತು ಅನ್ನುವಷ್ಟರಲ್ಲಿ ಇನ್ನೊಂದು ಏರಿಳಿಯೋಕೆ ಶುರು ಮಾಡುತ್ತದೆ. ಎರಡು ವಾರ ಟ್ಯೂನ್ ಮಾಡಿ ಸಾಕಾಗಿದೆ. ಈಗ ಒಂದು ಚಿಕ್ಕ ನ್ಯೂರಲ್ ನೆಟ್‌ವರ್ಕ್ ತಗೊಂಡು, ಅದರ ತೂಕಗಳನ್ನು (ಒಳಗಿನ ಕೊಂಡಿಗಳ ಬಲ ಹೇಳುವ ಸಂಖ್ಯೆಗಳನ್ನು) ಜೆನೆಟಿಕ್ ಆಲ್ಗಾರಿದಮ್‌ನಿಂದ, ಅಂದರೆ ಚೆನ್ನಾಗಿ ಓಡಿದ ನೆಟ್‌ವರ್ಕ್‌ಗಳನ್ನೇ ಉಳಿಸಿ, ಬದಲಿಸುತ್ತಾ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ, ಹುಡುಕಿಸೋಣ ಅಂದುಕೊಂಡಿದ್ದೇನೆ. ಯಾವ ಆಲ್ಗಾರಿದಮ್ ಒಳ್ಳೆಯದು? ನೆಟ್‌ವರ್ಕ್ ಎಷ್ಟು ದೊಡ್ಡದಿರಬೇಕು? ಸಿಮ್ಯುಲೇಟರ್ ಬರೆಯದೆ ನೇರ ಸೆಟಪ್ ಮೇಲೇ ಕಲಿಸಬಹುದಾ? ಕೈಯಾರೆ ಮಾಡಿದವರು ದಯವಿಟ್ಟು ಹೇಳಿ.

ಪ್ಲಾಂಟ್‌ನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುವವರು

ನೆಟ್‌ವರ್ಕ್ ಮಾತು ಆಮೇಲೆ. ಮೊದಲು ವಾಲ್ವ್ ಎರಡೂ ಎಲ್ಲಿ ನಿಂತಿವೆ ಅಂತ ನೋಡಿ.

ಈ ನಾಲ್ಕು ಟ್ಯಾಂಕಿನ ಸೆಟಪ್ ಬಗ್ಗೆ ಕಾರ್ಲ್ ಹೆನ್ರಿಕ್ ಯೋಹಾನ್ಸನ್ 2000ರಲ್ಲಿ ಬರೆದರು. ಅದರ ಸೊಗಸು ಇರೋದೇ ವಾಲ್ವ್‌ನಲ್ಲಿ. ಒಂದೊಂದು ಪಂಪಿನ ನೀರಲ್ಲಿ ಎಷ್ಟು ಪಾಲು ನೇರ ಕೆಳಗಿನ ಟ್ಯಾಂಕಿಗೆ ಹೋಗುತ್ತದೆ ಅಂತ ಅಳೆಯಿರಿ. ಎರಡೂ ಪಾಲು ಕೂಡಿಸಿ. 0.7 ಮತ್ತು 0.6 ಇದ್ದರೆ ಮೊತ್ತ 1.3. ಒಂದಕ್ಕಿಂತ ಜಾಸ್ತಿ, ಅಂದರೆ ಸುಲಭದ ಸಿಸ್ಟಮ್. 0.4 ಮತ್ತು 0.35 ಇದ್ದರೆ 0.75. ಒಂದಕ್ಕಿಂತ ಕಮ್ಮಿ. ಆಗ ನೇರ ಬರುವ ನೀರಿಗಿಂತ ಮೇಲಿನ ಟ್ಯಾಂಕ್ ಸುತ್ತಿ ಬರುವ ನೀರಿನದೇ ಕಾರುಬಾರು. ನೀವು ಎಡದ ಮಟ್ಟ ಏರಿಸೋಕೆ ಎಡದ ಪಂಪ್ ಜೋರು ಮಾಡುತ್ತೀರಿ, ಜಾಸ್ತಿ ನೀರು ಹೋಗೋದು ಬಲದ ಟ್ಯಾಂಕಿಗೆ, ಅದೂ ತಡವಾಗಿ. ಬಲದ ಪಿಐಡಿ ಅದನ್ನು ನೋಡಿ ತನ್ನ ಪಂಪ್ ಇಳಿಸುತ್ತದೆ. ಅದರಿಂದ ಎಡಕ್ಕೆ ಬರಬೇಕಾದ ನೀರು ಕಮ್ಮಿಯಾಗುತ್ತದೆ. ನೀವು ಹೇಳಿದ ಏರಿಳಿತ ಇದೇ ಇರಬೇಕು ಅಂತ ನನ್ನ ಅನುಮಾನ.

ಮೊತ್ತ ಒಂದಕ್ಕಿಂತ ಕಮ್ಮಿ ಇದ್ದರೆ ಜೋಡಿ ಅದಲುಬದಲು ಮಾಡಿ. ಎಡದ ಪಂಪಿಗೆ ಬಲದ ಕೆಳಗಿನ ಟ್ಯಾಂಕ್, ಬಲದ ಪಂಪಿಗೆ ಎಡದ್ದು. ನಿಧಾನ ಇರುತ್ತದೆ, ಆದರೆ ನಿಲ್ಲುತ್ತದೆ. ಆ ನಿಧಾನ ಕೊಳವೆ ಜೋಡಣೆಯಿಂದ ಬಂದದ್ದು. ಪಿಐಡಿ ಹಾಕಿ, ನೆಟ್‌ವರ್ಕ್ ಹಾಕಿ, ಅದನ್ನು ದಾಟಿ ಯಾರೂ ವೇಗ ತರೋಕೆ ಆಗಲ್ಲ. ವೇಗ ಬೇಕಂದರೆ ವಾಲ್ವ್ ತಿರುಗಿಸಬೇಕು.

ನಾನು ಹಿಂದೆ ಇದ್ದ ಒಂದು ಪ್ಲಾಂಟ್‌ನಲ್ಲಿ ಎರಡು ಕಂಟ್ರೋಲ್ ಲೂಪ್ ಆರು ತಿಂಗಳು ಒಂದಕ್ಕೊಂದು ಎಳೆದಾಡಿದವು. ಟ್ಯೂನಿಂಗ್ ಬದಲಿಸಿ ಬದಲಿಸಿ ಎಲ್ಲರೂ ಸುಸ್ತಾದರು. ತಪ್ಪು ಇದ್ದದ್ದು ಜೋಡಿಯಲ್ಲಿ. ಬದಲಾಯಿಸಿದ ದಿನವೇ ಎರಡೂ ತಣ್ಣಗಾದವು.

ಜೋಡಿ ಸರಿಮಾಡಿ ಓಡಿಸಿದ ನಿಮ್ಮ ಪಿಐಡಿ ಓಟದ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ನೆಟ್‌ವರ್ಕ್ ಎಷ್ಟು ಚೆನ್ನಾಗಿದೆ ಅಂತ ಅಳೆಯೋಕೆ ಬೇರೆ ಅಳತೆಗೋಲು ನಿಮ್ಮ ಹತ್ತಿರ ಇರಲ್ಲ.

ನೆಟ್‌ವರ್ಕ್ ಬೆಳೆಸಿ ಅನುಭವ ಇರುವವರು

ಮೇಲಿನವರು ಹೇಳಿದ್ದನ್ನು ಮಾಡಿದ ಮೇಲೆ ಇದನ್ನು ಓದಿ. ನಾನು ಇಂಥದ್ದೇ ನಾಲ್ಕು ಟ್ಯಾಂಕಿನ ಮೇಲೆ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನೇರ ಸೆಟಪ್ ಮೇಲೆ ಕಲಿಸೋ ಪ್ರಶ್ನೆಯಿಂದಲೇ ಶುರು ಮಾಡೋಣ. ಲೆಕ್ಕ ಹಾಕಿ. ನೆಟ್‌ವರ್ಕಿಗೆ ಆರು ಇನ್‌ಪುಟ್ ಅಂದುಕೊಳ್ಳಿ: ಕೆಳಗಿನ ಎರಡು ಮಟ್ಟದ ತಪ್ಪು (ಬೇಕಾದದ್ದಕ್ಕೂ ಇರುವುದಕ್ಕೂ ಅಂತರ), ಮೇಲಿನ ಟ್ಯಾಂಕಿನ ಎರಡು ಮಟ್ಟ, ಪಂಪಿನ ಈಗಿನ ಎರಡು ವೋಲ್ಟೇಜ್. ನಡುವೆ ಎಂಟು ನ್ಯೂರಾನ್, ಔಟ್‌ಪುಟ್ ಎರಡು. ಬಯಾಸ್ (ಒಂದೊಂದು ನ್ಯೂರಾನ್‌ನಲ್ಲೂ ಕೂಡುವ ಒಂದು ಸಂಖ್ಯೆ) ಸೇರಿ ಒಟ್ಟು 74 ತೂಕ. ನಾನು ಬಳಸೋದು ಹ್ಯಾನ್ಸನ್ ಮತ್ತು ಓಸ್ಟರ್‌ಮೈಯರ್ ಮಾಡಿದ ಸಿಎಂಎ-ಇಎಸ್, ಇದೂ ಪೀಳಿಗೆಯಿಂದ ಪೀಳಿಗೆಗೆ ತೂಕ ಹುಡುಕುವ ಆಲ್ಗಾರಿದಮ್ಮೇ. 74 ತೂಕಕ್ಕೆ ಅದು ತಾನಾಗಿ ಕೇಳುವುದು ಒಂದು ಪೀಳಿಗೆಗೆ 16 ಅಭ್ಯರ್ಥಿಗಳನ್ನು, ಅಂದರೆ ಬೇರೆ ಬೇರೆ ತೂಕದ 16 ನೆಟ್‌ವರ್ಕ್‌ಗಳನ್ನು. ಒಬ್ಬೊಬ್ಬರನ್ನೂ ಬೇರೆ ಬೇರೆ ಆರಂಭದ ಮಟ್ಟದಿಂದ 10 ಸಲ ಓಡಿಸಬೇಕು. ಅಲ್ಲಿಗೆ 160 ಓಟ. ಒಂದು ಓಟ 20 ನಿಮಿಷ ಅಂದರೂ ಒಂದು ಪೀಳಿಗೆಗೆ 53 ಗಂಟೆ ದಾಟುತ್ತದೆ. ನಿಮಗೆ ಬೇಕಾಗೋದು ನೂರಾರು ಪೀಳಿಗೆ. ಸಿಮ್ಯುಲೇಟರ್ ಇಲ್ಲದೆ ಆಗದ ಮಾತು. ಅದೇ ಸಿಮ್ಯುಲೇಟರ್‌ನಲ್ಲಿ 300 ಪೀಳಿಗೆ ಸಾಮಾನ್ಯ ಲ್ಯಾಪ್‌ಟಾಪ್ ಮೇಲೆ ಕೆಲವು ಗಂಟೆಯಲ್ಲಿ ಮುಗಿಯುತ್ತದೆ. ಟ್ಯಾಂಕಿನ ಸಮೀಕರಣ ದೊಡ್ಡದೇನಲ್ಲ, ತೂತಿನಿಂದ ಹೋಗುವ ನೀರು ಮಟ್ಟದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ, ಅಷ್ಟೇ.

ಈಗ ನನಗೆ ಆದದ್ದು. ಮೊದಲ ಸಲ ಅಂಕ ಕೊಟ್ಟದ್ದು ಬರೀ ಕೆಳಗಿನ ಮಟ್ಟಗಳ ತಪ್ಪಿನ ಸರಾಸರಿಗೆ. ನಲವತ್ತನೇ ಪೀಳಿಗೆಯ ಹೊತ್ತಿಗೆ ತಪ್ಪು ಧಡಕ್ಕನೆ ಇಳಿಯಿತು. ತುಂಬಾ ಖುಷಿಯಾಯಿತು. ಗ್ರಾಫ್ ತೆರೆದರೆ ಕೆಳಗಿನ ಎರಡೂ ಮಟ್ಟ ಗೆರೆ ಎಳೆದ ಹಾಗಿವೆ. ಸುಮ್ನೆ ಇರಲಿ ಅಂತ ಮೇಲಿನ ಟ್ಯಾಂಕುಗಳದ್ದನ್ನೂ ತೆರೆದೆ. ಒಂದು ಟ್ಯಾಂಕ್ ಮೊದಲ ನಿಮಿಷದಿಂದ ಕೊನೆವರೆಗೂ 20 ಸೆಂಟಿಮೀಟರ್‌ನಲ್ಲಿ ನಿಂತಿತ್ತು. ಒಂದು ಮಿಲಿಮೀಟರ್ ಅಲುಗಾಡಿಲ್ಲ. 20 ಅಂದರೆ ಆ ಟ್ಯಾಂಕಿನ ಪೂರ್ತಿ ಎತ್ತರ. ಮಟ್ಟ 20 ದಾಟಿದರೆ 20ಕ್ಕೆ ತಂದು ನಿಲ್ಲಿಸು ಅಂತ ಕೋಡಿನಲ್ಲಿ ಒಂದು ಸಾಲು ಬರೆದಿದ್ದೆ. ತುಂಬಿ ಚೆಲ್ಲಿದ ನೀರಿಗೆ ಲೆಕ್ಕವೇ ಇರಲಿಲ್ಲ. ಮೇಲಿನ ಟ್ಯಾಂಕ್ ಸದಾ ತುಂಬಿದ್ದರೆ ಅದರಿಂದ ಬೀಳುವ ನೀರು ಒಂದೇ ಸಮ. ಆಗ ಅದನ್ನು ತುಂಬಿಸುವ ಪಂಪ್ ಏರಿದರೂ ಇಳಿದರೂ ಎದುರಿನ ಟ್ಯಾಂಕಿಗೆ ಗೊತ್ತೇ ಆಗಲ್ಲ. ಎರಡು ಪಂಪಿನ ನಡುವಿನ ಜಗಳವೇ ಇಲ್ಲ. (ನನ್ನ ಸೆಟಪ್‌ನಲ್ಲಿ ಕೆಳಗಿನ ತೂತುಗಳು ಮೇಲಿನವಕ್ಕಿಂತ ದೊಡ್ಡವು, ಅದಕ್ಕೇ ಕೆಳಗಿನದು ತುಂಬಲಿಲ್ಲ.) ನಿಜವಾದ ಟ್ಯಾಂಕ್ ಮೇಲೆ ಓಡಿಸಿದ್ದರೆ ಲ್ಯಾಬಿನ ನೆಲವೆಲ್ಲ ನೀರಾಗುತ್ತಿತ್ತು.

ನೆಟ್‌ವರ್ಕ್ ಏನೂ ತಪ್ಪು ಮಾಡಿರಲಿಲ್ಲ. ನಾನು ಕೇಳಿದ್ದನ್ನೇ ಕೊಟ್ಟಿತ್ತು. ಇದು ಹಳೆಯ ಕಥೆ ಕೂಡ. 1994ರಲ್ಲಿ ಕಾರ್ಲ್ ಸಿಮ್ಸ್ ಕಂಪ್ಯೂಟರ್ ಒಳಗೆ ನಡೆಯುವ ಜೀವಿಗಳನ್ನು ಬೆಳೆಸಿದಾಗ, ಬರೀ ವೇಗಕ್ಕೆ ಅಂಕ ಇಟ್ಟರೆ ಉದ್ದಕ್ಕೆ ಕಂಬದ ಹಾಗೆ ಬೆಳೆದು ದೊಪ್ಪನೆ ಬಿದ್ದು ಅಂಕ ಗಳಿಸೋವು ಹುಟ್ಟಿದ್ದವು.

ಆಮೇಲೆ ಯಾವ ಟ್ಯಾಂಕ್ ತುಂಬಿದರೂ ಓಟ ಅಲ್ಲೇ ನಿಲ್ಲಬೇಕು, ಉಳಿದ ಹೊತ್ತಿಗೆಲ್ಲ ಪೂರ್ತಿ ದಂಡ ಅಂತ ಬದಲಿಸಿದೆ. ಅದು ಹೋಯಿತು, ಇನ್ನೊಂದು ಬಂತು. ಪಂಪ್ ಪ್ರತಿ ಸೆಕೆಂಡಿಗೆ ಸೊನ್ನೆಯಿಂದ ಪೂರ್ತಿಗೆ, ಪೂರ್ತಿಯಿಂದ ಸೊನ್ನೆಗೆ ಹಾರುತ್ತಿತ್ತು. ಮಟ್ಟ ಸರಿ ಇದೆ, ಆದರೆ ನಿಜವಾದ ಪಂಪ್ ಹಾಗೆ ಓಡಿಸಿದರೆ ಎಷ್ಟು ದಿನ ಬಾಳಬೇಕು? ವೋಲ್ಟೇಜ್ ಬದಲಾದಷ್ಟೂ ಸಣ್ಣ ದಂಡ ಇಟ್ಟೆ. ಜೊತೆಗೆ ನೆಟ್‌ವರ್ಕಿನ ಔಟ್‌ಪುಟ್ ಅನ್ನು ವೋಲ್ಟೇಜ್ ಅಂತ ಓದದೆ, ಈಗಿನ ವೋಲ್ಟೇಜಿಗೆ ಎಷ್ಟು ಕೂಡಬೇಕು ಅಂತ ಓದೋಕೆ ಶುರು ಮಾಡಿದೆ. ಇದೊಂದು ಬದಲಾವಣೆ ನೀವೂ ಮಾಡಿ. ಪಿಐಡಿಯ ಇಂಟಿಗ್ರಲ್ ಕೆಲಸದ (ಉಳಿದ ತಪ್ಪನ್ನು ಕೂಡಿಸುತ್ತಾ ಸರಿಪಡಿಸೋದು) ಹಾಗಿನದ್ದು ಇದರಿಂದ ಪುಕ್ಕಟೆ ಸಿಗುತ್ತದೆ, ಮಟ್ಟ ಸ್ವಲ್ಪ ಕೆಳಗೇ ಉಳಿದುಬಿಡೋ ತೊಂದರೆ ಬಹಳ ಕಮ್ಮಿಯಾಗುತ್ತದೆ.

ಆಲ್ಗಾರಿದಮ್ ಬಗ್ಗೆ ಒಂದು ಎಚ್ಚರಿಕೆ. ಸಾದಾ ಜೆನೆಟಿಕ್ ಆಲ್ಗಾರಿದಮ್‌ನಲ್ಲಿ ಎರಡು ನೆಟ್‌ವರ್ಕಿನ ತೂಕಗಳನ್ನು ಅರ್ಧರ್ಧ ಕತ್ತರಿಸಿ ಜೋಡಿಸಬೇಡಿ. ಒಂದೇ ಕೆಲಸ ಮಾಡುವ ಎರಡು ನೆಟ್‌ವರ್ಕಿನಲ್ಲಿ ನ್ಯೂರಾನ್‌ಗಳು ಬೇರೆ ಬೇರೆ ಜಾಗದಲ್ಲಿ ಕೂತಿರಬಹುದು. ಅಪ್ಪನ ಎಡಗೈ, ಅಮ್ಮನ ಎಡಗೈ ಎರಡೂ ಸೇರಿ ಮಗುವಿಗೆ ಬಲಗೈಯೇ ಇಲ್ಲದ ಹಾಗೆ ಆಗುತ್ತದೆ. 2002ರಲ್ಲಿ ಕೆನೆತ್ ಸ್ಟಾನ್ಲಿ, ರಿಸ್ಟೊ ಮಿಕ್ಕುಲೈನನ್ ಮಾಡಿದ ನೀಟ್ ಅನ್ನೋ ಆಲ್ಗಾರಿದಮ್ ಇದಕ್ಕೆ ಒಂದು ದಾರಿ ಕಂಡುಕೊಂಡಿತು. ಪ್ರತಿ ಹೊಸ ಕೊಂಡಿಗೂ ಹುಟ್ಟಿದ ಸರದಿಯ ನಂಬರ್ ಕೊಟ್ಟು, ಒಂದೇ ನಂಬರ್ ಇದ್ದವನ್ನೇ ಜೋಡಿಸುತ್ತದೆ. ನೆಟ್‌ವರ್ಕಿನ ಆಕಾರವೂ ಚಿಕ್ಕದರಿಂದ ತಾನೇ ಬೆಳೆಯುತ್ತದೆ. ನಾನು ಅದನ್ನೂ ಓಡಿಸಿದ್ದೇನೆ, ಚೆನ್ನಾಗಿದೆ. ಆದರೆ ನಿಮ್ಮ ಟ್ಯಾಂಕಿಗೆ ಆಕಾರ ಹುಡುಕೋ ಅಗತ್ಯ ನನಗೆ ಕಾಣಲ್ಲ.

ಕಾಲಿನ ರೋಬೋಟ್ ಮಾಡುವವರು

ಸಿಮ್ಯುಲೇಟರ್‌ನಿಂದ ನಿಜಕ್ಕೆ ದಾಟಿಸೋ ಬಗ್ಗೆ ನಾನು ಸೇರಿಸುತ್ತೇನೆ, ನನ್ನ ಸಮಯ ಜಾಸ್ತಿ ಹೋದದ್ದು ಅಲ್ಲೇ.

ಪರದೆ ಮೇಲೆ ಸೊಗಸಾಗಿ ನಡೆದ ನನ್ನ ನಾಲ್ಕು ಕಾಲಿನ ರೋಬೋಟ್ ಮೇಜಿನ ಮೇಲೆ ಇಟ್ಟ ತಕ್ಷಣ ನಿಂತಲ್ಲೇ ನಡುಗಿತು. ಮೂರು ವಾರ ರೋಬೋಟ್‌ನ ಭಾರ, ಉಜ್ಜಾಟ ಎಲ್ಲ ಅಳೆದೆ. ಕೊನೆಗೆ ಗೊತ್ತಾದದ್ದು: ಅಪ್ಪಣೆ ಕೊಟ್ಟ ಮೇಲೆ ಮೋಟಾರ್ ಕದಲೋಕೆ 40 ಮಿಲಿಸೆಕೆಂಡ್ ತಗೋತಿತ್ತು. ನನ್ನ ಸಿಮ್ಯುಲೇಟರ್‌ನಲ್ಲಿ ಅದು ಸೊನ್ನೆ. ಆ ತಡ ಸೇರಿಸಿ ಮತ್ತೆ ಬೆಳೆಸಿದೆ, ಅದೇ ದಿನ ಸಂಜೆ ರೋಬೋಟ್ ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು.

1995ರಲ್ಲಿ ನಿಕ್ ಜಾಕೋಬಿ, ಫಿಲ್ ಹಸ್ಬೆಂಡ್ಸ್, ಇನ್ಮನ್ ಹಾರ್ವಿ ಮೂವರು ಪುಟ್ಟ ಚಕ್ರದ ರೋಬೋಟ್ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಸಿಮ್ಯುಲೇಟರ್‌ನಲ್ಲಿ ನಾಯ್ಸ್ (ಸೆನ್ಸರ್ ಓದಿನಂಥವುಗಳಲ್ಲಿ ಬರುವ ಅಡ್ಡಾದಿಡ್ಡಿ ಅಲುಗಾಟ) ಇಲ್ಲದಿದ್ದರೆ ಕಂಟ್ರೋಲರ್ ನಿಜದಲ್ಲಿ ಕೈಕೊಡುತ್ತದೆ. ನಿಜಕ್ಕಿಂತ ತುಂಬಾ ಜಾಸ್ತಿ ಹಾಕಿದರೂ ಕೈಕೊಡುತ್ತದೆ, ಯಾಕಂದರೆ ಆ ನಾಯ್ಸನ್ನೇ ಬಳಸಿಕೊಳ್ಳೋದನ್ನು ಅದು ಕಲಿಯುತ್ತದೆ. ಅಳೆದು, ಅಷ್ಟೇ ಹಾಕಬೇಕು.

ನಿಮ್ಮ ಸೆಟಪ್‌ನಲ್ಲಿ ಮಟ್ಟದ ಸೆನ್ಸರನ್ನು ನಿಂತ ನೀರಿನ ಮೇಲೆ ಹತ್ತು ನಿಮಿಷ ಓದಿಸಿ, ಎಷ್ಟು ಅಲುಗಾಡುತ್ತದೆ ಅಂತ ನೋಡಿ. ಆಮೇಲೆ ನೀರು ಬೀಳುತ್ತಿರುವಾಗ ಓದಿಸಿ. ಎರಡೂ ಬೇರೆ ಬೇರೆ ಇರುತ್ತವೆ. ಎರಡನೆಯದನ್ನೇ ಸಿಮ್ಯುಲೇಟರ್‌ಗೆ ಹಾಕಿ. ಪಂಪಿನ ಶಕ್ತಿ, ತೂತಿನ ಅಳತೆ, ವಾಲ್ವ್ ಪಾಲು, ಇವನ್ನು ಓಟದಿಂದ ಓಟಕ್ಕೆ ಹತ್ತು ಪರ್ಸೆಂಟ್ ಆಚೀಚೆ ಮಾಡಿ. ಹದಿನಾರು ಅಭ್ಯರ್ಥಿಗಳಿಗೂ ಒಂದು ಪೀಳಿಗೆಯಲ್ಲಿ ಅದೇ ಹತ್ತು ಓಟ ಕೊಡಿ. ಇಲ್ಲದಿದ್ದರೆ ಗೆದ್ದವನು ಜಾಣನೋ, ಸುಲಭದ ಪ್ರಶ್ನೆಪತ್ರಿಕೆ ಸಿಕ್ಕವನೋ ಗೊತ್ತಾಗಲ್ಲ.

ಗ್ರೇಡಿಯೆಂಟ್ ಕಡೆಯವರು

ಒಂದು ಬೇರೆ ಮಾತು. ಸಿಮ್ಯುಲೇಟರ್ ನಿಮ್ಮದೇ ಸಮೀಕರಣ, ಅಲ್ವಾ? ಹಾಗಿದ್ದರೆ ಅದರೊಳಗಿಂದಲೇ ಗ್ರೇಡಿಯೆಂಟ್ (ಒಂದೊಂದು ತೂಕ ಸ್ವಲ್ಪ ಬದಲಿಸಿದರೆ ಅಂಕ ಎಷ್ಟು ಬದಲಾಗುತ್ತದೆ ಅನ್ನೋ ಲೆಕ್ಕ) ತೆಗೆದು ಕಲಿಸಬಹುದು. ಮಟ್ಟದ ಮಿತಿ, ಪಂಪಿನ ಮಿತಿ ಮುಖ್ಯ ಅಂದರೆ ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ (ಮುಂದೆ ಏನಾಗುತ್ತದೆ ಅಂತ ಸಮೀಕರಣದಿಂದ ಲೆಕ್ಕ ಹಾಕುತ್ತಾ ಪಂಪ್ ಓಡಿಸೋದು) ಈ ಸೆಟಪ್‌ಗೆ ಹೇಳಿ ಮಾಡಿಸಿದ್ದು. ಆದರೂ ಓಟ ನಡುವೆ ನಿಲ್ಲೋದು, ಪಂಪ್ ಎಷ್ಟು ಸಲ ಆನ್ ಆಯಿತು ಅಂತ ಎಣಿಸೋದು, ಇಂಥ ಅಂಕ ಇದ್ದಲ್ಲಿ ಗ್ರೇಡಿಯೆಂಟ್ ತಡವರಿಸುತ್ತದೆ, ಎವಲ್ಯೂಷನ್ (ಹೀಗೆ ಪೀಳಿಗೆಯಿಂದ ಪೀಳಿಗೆಗೆ ಬೆಳೆಸೋದು) ತಡವರಿಸಲ್ಲ. ಅದಕ್ಕೆ ಒಂದು ಓಟಕ್ಕೆ ಒಂದೇ ಸಂಖ್ಯೆ ಸಾಕು. 2017ರಲ್ಲಿ ಓಪನ್‌ಎಐನವರು 1440 ಕೋರ್ ಮೇಲೆ ಹಂಚಿ, ಸಿಮ್ಯುಲೇಟರ್‌ನಲ್ಲಿ ಎರಡು ಕಾಲಿನ ಮನುಷ್ಯಾಕೃತಿಗೆ 10 ನಿಮಿಷದಲ್ಲಿ ನಡೆಯೋದು ಕಲಿಸಿದ್ದು ಇದೇ ಗುಣದಿಂದ.

ಕೇಳಿದವರು, ಮೂರು ವಾರದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದದ್ದು ಹೇಳುತ್ತೇನೆ.

ಅಳತೆ ಜಾರಿನಲ್ಲಿ ಮೂವತ್ತು ಸೆಕೆಂಡ್ ನೀರು ಹಿಡಿದು ಪಾಲು ಅಳೆದೆ. 0.45 ಮತ್ತು 0.4. ಮೊತ್ತ 0.85! ವಾಲ್ವ್ ತಿರುಗಿಸಿ 0.65, 0.6 ಮಾಡಿದೆ. ಹಳೆಯ ಪಿಐಡಿಯೇ ಏರಿಳಿತ ಬಿಟ್ಟು ನಿಂತಿತು. ಎರಡು ವಾರ ಟ್ಯೂನ್ ಮಾಡಿದ್ದು ನೆನೆದು ಹೊಟ್ಟೆ ಉರಿಯಿತು, ಆದರೆ ಕಾರಣ ಗೊತ್ತಾಯಿತಲ್ಲ, ಅದೇ ಸಮಾಧಾನ.

ಆಮೇಲೆ ಸಿಮ್ಯುಲೇಟರ್ ಬರೆದು 74 ತೂಕದ ನೆಟ್‌ವರ್ಕ್ ಬೆಳೆಸಿದೆ. ತುಂಬಿದರೆ ಓಟ ನಿಲ್ಲೋದು, ವೋಲ್ಟೇಜ್ ಬದಲಾವಣೆಗೆ ದಂಡ, ಒಂದೇ ಪ್ರಶ್ನೆಪತ್ರಿಕೆ, ಎಲ್ಲ ಹಾಕಿದ್ದೇನೆ. ನಿಜವಾದ ಟ್ಯಾಂಕ್ ಮೇಲೆ 12 ಸೆಂಟಿಮೀಟರ್ ಕೇಳಿದರೆ ಪಿಐಡಿಗಿಂತ ಬೇಗ ಹೋಗಿ ನಿಲ್ಲುತ್ತದೆ, ದಾಟಿ ಹೋಗೋದೂ ಕಮ್ಮಿ. ಆದರೆ 4 ಸೆಂಟಿಮೀಟರ್ ಕೇಳಿದರೆ ಮಟ್ಟ ಗರಗಸದ ಹಲ್ಲಿನ ಹಾಗೆ ಏರಿ ಇಳಿದು ಮಾಡುತ್ತದೆ. ಸಿಮ್ಯುಲೇಟರ್‌ನಲ್ಲಿ ಇದು ಇಲ್ಲವೇ ಇಲ್ಲ. ಪಂಪಿಗೆ ಕಿವಿ ಕೊಟ್ಟು ನಿಂತೆ. 3 ವೋಲ್ಟ್ ಬರುವವರೆಗೆ ಬರೀ ಗುಂಯ್ ಅನ್ನುತ್ತದೆ, ತಿರುಗಲ್ಲ. ಇದನ್ನು ಸಿಮ್ಯುಲೇಟರ್‌ಗೆ ಹಾಕಿದರೆ ಸಾಕಾ?

ಪ್ಲಾಂಟ್‌ನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುವವರು

ಅರ್ಧ ಸಾಕು. ನಿಂತ ಪಂಪ್ ತಿರುಗೋಕೆ 3 ವೋಲ್ಟ್ ಬೇಕು, ತಿರುಗುತ್ತಿರುವ ಪಂಪ್ ನಿಲ್ಲೋದು ಅದಕ್ಕಿಂತ ಕೆಳಗೆ. ಎರಡೂ ಬೇರೆ ಅಂಕಿ. ವೋಲ್ಟೇಜನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ, ಎಲ್ಲಿ ಶುರುವಾಯಿತು ಬರೆದುಕೊಳ್ಳಿ. ಆಮೇಲೆ ಮೇಲಿನಿಂದ ಇಳಿಸಿ, ಎಲ್ಲಿ ನಿಂತಿತು ಬರೆದುಕೊಳ್ಳಿ. ಎರಡು ಪಂಪಿಗೂ ಬೇರೆ ಬೇರೆ, ಐದೈದು ಸಲ. ಎರಡೂ ಅಂಕಿ ಹಾಕಿ ಮತ್ತೆ ಬೆಳೆಸಿ. ಸಿಮ್ಯುಲೇಟರ್‌ನಲ್ಲೂ ಅದೇ ಗರಗಸ ಕಾಣಿಸಿದರೆ ಸರಿಯಾದ ಜಾಗ ಸಿಕ್ಕಿತು ಅಂತ. ಅಂಕಿಗಳನ್ನು ಇಲ್ಲಿ ಹಾಕಿ, ನೋಡೋಣ.