ಪಕ್ಕದ ಬಾಡಿಗೆ ಮನೆಯೊಳಗೆ ಗಾಂಜಾ ಬೆಳೆಸುತ್ತಿದ್ದಾರಾ? (ಉಪ್ಪಳ)

ಉಪ್ಪಳದವ:
ಪಕ್ಕದ ಮನೆಯವರು ದುಬೈಯಲ್ಲಿದ್ದಾರೆ, ಮನೆ ಐದು ತಿಂಗಳಿಂದ ಬಾಡಿಗೆಗಿದೆ. ಇರುವುದು ಇಬ್ಬರು ಹುಡುಗರು, ಒಂದು ಬಟ್ಟೆ ಒಣಗಲು ಹಾಕಿದ್ದು ಕಂಡಿಲ್ಲ. ಮಹಡಿಯ ಕಿಟಕಿಗೆಲ್ಲ ಒಳಗಿನಿಂದ ಕಪ್ಪು ಟಾರ್ಪಾಲು, ಎಕ್ಸಾಸ್ಟ್ ಫ್ಯಾನ್ ಹಗಲೂ ರಾತ್ರಿ ತಿರುಗುತ್ತದೆ. ಬಾವಿಕಟ್ಟೆಗೆ ಹೋದಾಗಲೆಲ್ಲ ಅಮ್ಮ "ಕಾಡು ತುಳಸಿ ಕೊಳೆತ ಹಾಗೆ ವಾಸನೆ" ಅನ್ನುತ್ತಾರೆ. ಸಂಜೆ ನಮ್ಮಲ್ಲಿ ವೋಲ್ಟೇಜೂ ಇಲ್ಲ, ಪಂಪು ನೀರೆಳೆಯುವುದಿಲ್ಲ. "ಗಿಡ ತಾನೇ, ನಮಗೇನು?" ಅಂತಾನೆ ತಮ್ಮ. ನಿಜಕ್ಕೂ ನಮಗೇನೂ ಇಲ್ವಾ?

ರಿಟೈರ್ಡ್ ಲೈನ್‌ಮನ್, ಕುಂಬಳೆ:
ಗಿಡ ಹಾಗಿರಲಿ ಮಾರಾಯ್ರೇ, ಕರೆಂಟಿಗೆ ಹೆದರಿ. ಬಿಸಿಲಿನ ಬದಲು 600, 1000 ವಾಟಿನ ದೀಪ ಉರಿಸುತ್ತಾರೆ, ಎಳೆ ಗಿಡಕ್ಕೆ ದಿನಕ್ಕೆ 18 ಗಂಟೆ, ಹೂ ಬಿಡಿಸಲು 12 ಗಂಟೆ. ಸಾವಿರ ವಾಟಿನದ್ದು ಹತ್ತು ದೀಪ ಇದ್ದರೆ 10 ಕಿಲೋವಾಟ್, ಮೇಲೆ ಏಸಿ. ಮನೆಯ ವಯರಿಂಗ್ ಅದಕ್ಕೆ ಎಳೆದದ್ದಲ್ಲ. ಬಿಲ್ಲಿನಲ್ಲಿ ಸಿಕ್ಕಿಬೀಳಬಾರದು ಅಂತ ಮೀಟರಿಗಿಂತ ಮೊದಲೇ ವಯರ್ ಎಳೆಯುವವರೂ ಇದ್ದಾರೆ, ಆಗ ಮೇನ್ ಸ್ವಿಚ್ ಇಳಿಸಿದರೂ ಆ ಲೈನಿನಲ್ಲಿ ಕರೆಂಟ್ ಇರುತ್ತದೆ. ಬೆಂಕಿ ಬಿದ್ದಾಗ ಕೊಡಪಾನ ಹಿಡಿದು ಓಡುವವರು ನೀವೇ ಅಲ್ವಾ? ವೋಲ್ಟೇಜ್ ಒಂದನ್ನೇ ಹಿಡಿದು ಮಾತ್ರ ಏನೂ ಹೇಳಬೇಡಿ, ಸಂಜೆ ನಮ್ಮಲ್ಲೂ ಅದೇ ಗತಿ.

ಮನೆ ಕೊಟ್ಟು ಕೆಟ್ಟವ:
ನನ್ನ ಫ್ಲಾಟಿನಲ್ಲಿ ಇದೇ ಆಗಿದ್ದು. ಪೊಲೀಸರು ಬಂದು ಹೋದ ಮೇಲೆ ಬಾಗಿಲು ತೆಗೆದರೆ ಒಳಗಿನ ತೇವಕ್ಕೆ ಗೋಡೆ ತುಂಬ ಕಪ್ಪು ಬೂಸ್ಟು, ಬೆರಳು ಒತ್ತಿದರೆ ಗಾರೆ ಉದುರುತ್ತಿತ್ತು. ಕಪಾಟಿನ ಬಾಗಿಲು ಉಬ್ಬಿ ಮುಚ್ಚುತ್ತಲೇ ಇರಲಿಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಲ್ಲಿ ಬೆಳೆದವನಿಗೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಗೊತ್ತಿದ್ದೂ ಮನೆ ಬಿಟ್ಟುಕೊಟ್ಟ ಮಾಲೀಕನಿಗೂ ಅದೇ ಶಿಕ್ಷೆ. ನನಗೆ ಗೊತ್ತಿರಲಿಲ್ಲ ಅಂತ ನಂಬಿಸಲು ಠಾಣೆಗೆ ಎಷ್ಟು ಸಲ ಅಲೆದೆನೋ. ದುಬೈಗೆ ಇವತ್ತೇ ಫೋನ್ ಮಾಡಿ.

ಬದಿಯಡ್ಕದ ಅಕ್ಕ:
ದುಬೈಗೆ ಈಗ ಬೇಡ. ಅವರು ಗಾಬರಿಯಲ್ಲಿ ಹುಡುಗರನ್ನೇ ಕೇಳುತ್ತಾರೆ, ಇವರು ರಾತ್ರೋರಾತ್ರಿ ಜಾಗ ಖಾಲಿ ಮಾಡುತ್ತಾರೆ, ಹೇಳಿದ್ದು ಯಾರು ಅಂತಲೂ ಗೊತ್ತಾಗುತ್ತದೆ. ನೀವಾಗಿ ಬಾಗಿಲು ತಟ್ಟಲೂ ಹೋಗಬೇಡಿ. 1933ಕ್ಕೆ ಕರೆ ಮಾಡಿ, ಮಾದಕ ವಸ್ತುಗಳ ಬಗ್ಗೆ ದೂರು ಹೇಳಲು ಇರುವ ಕೇಂದ್ರ ಸರಕಾರದ 'ಮಾನಸ್' ಸಹಾಯವಾಣಿ, ಹೆಸರು ಹೇಳಬೇಕಾಗಿಲ್ಲ. ಗಾಂಜಾ ಹೌದೋ ಅಲ್ಲವೋ ಅವರು ನೋಡಿಕೊಳ್ಳಲಿ. ಬೆಳೆದದ್ದನ್ನು ಮಾರಬೇಕಲ್ಲ, ನಾಳೆ ಅದೇ ಗೇಟಿಗೆ ಬೈಕುಗಳು ಬರುತ್ತವೆ. ನಿಮ್ಮ ಮಕ್ಕಳು ಟ್ಯೂಷನ್ನಿಗೆ ಹೋಗುವುದು ಯಾವ ದಾರಿಯಲ್ಲಿ?

ಉಪ್ಪಳದವ:
ಅದೇ ಗೇಟಿನ ಎದುರಿಗೆ ಅಕ್ಕಾ. ನಾಳೆ ಬೆಳಿಗ್ಗೆ ಕರೆ ಮಾಡುತ್ತೇನೆ. ಲೈನ್‌ಮನ್ ಅಣ್ಣಾ, ಇನ್ನೊಂದು ಕೇಳಬೇಕಿತ್ತು. ಇಲ್ಲಿ ಕರೆಂಟ್ ಹೋಗಿ ಅರ್ಧ ಗಂಟೆ ಆಯಿತು, ಆ ಫ್ಯಾನ್ ಇನ್ನೂ ತಿರುಗುತ್ತಿದೆ.