‘ಸ್ಟೇಕ್‌ಹೋಲ್ಡರ್’ಗೆ ನಮ್ಮ ಕಡೆ ಏನನ್ನೋಣ?

ವಿಜಯಪುರದಿಂದ:

ಬಲ್ಲವರಿಗೆ ನಮಸ್ಕಾರ. ಡೋಣಿ ನದಿಗೆ ಕೂಡುವ ಹಳ್ಳಗಳ ನೀರು ನಿರ್ವಹಣಾ ಯೋಜನೆಗೆ ಊರವರನ್ನು ಕರೆಯುವ ಸಭಾ ಸೂಚನೆಯನ್ನು ಕನ್ನಡಕ್ಕೆ ತರಬೇಕಿದೆ. ಇಂಗ್ಲಿಷ್ ಕರಡಿನಲ್ಲಿ ‘ಸ್ಟೇಕ್‌ಹೋಲ್ಡರ್’ (ಯೋಜನೆಯಿಂದ ಒಳಿತೋ ಕೆಡುಕೋ ಆಗುವವರು) ಮತ್ತೆ ಮತ್ತೆ ಬರುತ್ತದೆ. ಪಾಲುದಾರರು, ಭಾಗೀದಾರರು, ಹಿತಾಸಕ್ತರು, ಬಾಧ್ಯಸ್ಥರು ಇವುಗಳಲ್ಲಿ ಯಾವುದು ಸರಿ? ಸಭೆಗೆ ‘ಸಾರ್ವಜನಿಕ ಅಹವಾಲು ಸಭೆ’ ಎನ್ನಬಹುದೇ? ‘ನ್ಯಾಚುರಲ್ ವಾಟರ್ ಮ್ಯಾನೇಜ್‌ಮೆಂಟ್’ ಅನ್ನು ‘ನೈಸರ್ಗಿಕ ನೀರು ನಿರ್ವಹಣೆ’ ಎಂದರೆ ಅರ್ಥವಾದೀತೇ?

ಬಾಗಲಕೋಟೆಯಿಂದ:

ನಮಸ್ಕಾರ್ರೀ. ನಾಲ್ಕರಲ್ಲಿ ಒಂದೂ ಸೂಚನೆಗೆ ಒಗ್ಗುವುದಿಲ್ಲ. ನಮ್ಮ ಕಡೆ ‘ಪಾಲುದಾರ’ ಅಂದರೆ ವ್ಯಾಪಾರದಲ್ಲೋ ಹೊಲದಲ್ಲೋ ಪಾಲಿದ್ದವನು, ಪಹಣಿಯ ಹಿಸ್ಸಾ ನಂಬರು ಕಣ್ಣ ಮುಂದೆ ಬರುತ್ತದೆ. ‘ಭಾಗೀದಾರ’ ಅಂದರೆ ಸಕ್ಕರೆ ಕಾರ್ಖಾನೆಯ ಶೇರುದಾರನ ಹಾಗೆ. ಈ ಎರಡು ಪದ ಓದಿದ ಕುರಿ ಕಾಯುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಭೂಮಿ ಇಲ್ಲದ ಕೂಲಿಯವರು ‘ಇದು ನಮಗಲ್ಲ’ ಎಂದು ಮನೆಯಲ್ಲೇ ಉಳಿಯುತ್ತಾರೆ. ‘ಹಿತಾಸಕ್ತಿ’ಗೆ ಪತ್ರಿಕೆಗಳು ‘ಪಟ್ಟಭದ್ರ’ ಅನ್ನುವುದನ್ನು ಅಂಟಿಸಿಬಿಟ್ಟಿವೆ. ‘ಬಾಧ್ಯಸ್ಥ’ ಕೇಳಿದವರಿಗೆ ಸಾಲಕ್ಕೆ ಜಾಮೀನು ನಿಂತವನ ನೆನಪು. ‘ಸಂಬಂಧಪಟ್ಟವರು’ ನೋಡಲು ಚೆಂದ, ಆದರೆ ‘ಸಂಬಂಧಪಟ್ಟವರು ಗಮನಿಸಲಿ’ ಎಂದರೆ ಅದು ಅಧಿಕಾರಿಗಳಿಗೆ ಹೇಳಿದ ಮಾತು.

ಉಳಿದದ್ದು ‘ಬಳಕೆದಾರರು’. ಕೆರೆಗೆ, ಕಾಲುವೆಗೆ ಅದು ಒಳ್ಳೆಯ ಪದ, ‘ನೀರು ಬಳಕೆದಾರರ ಸಂಘ’ ರೂಢಿಯಲ್ಲೂ ಇದೆ. ಡೋಣಿಗೆ ಅದು ಸಾಲದು. ಮಹಾರಾಷ್ಟ್ರದ ಜತ್ ಕಡೆಯಿಂದ ಬರುವ ಆ ನದಿಯ ನೀರು ಸವುಳು (ಉಪ್ಪು), ಪಾತ್ರದಲ್ಲಿ ಹೂಳು. ನೀರನ್ನು ಬಳಸದವನ ಹೊಲಕ್ಕೇ ಮಳೆಗಾಲದಲ್ಲಿ ನದಿ ನುಗ್ಗುತ್ತದೆ. ಅವನು ಬಳಕೆದಾರನಲ್ಲ, ಆದರೆ ಅವನಿಲ್ಲದೆ ಯೋಜನೆ ಹೇಗೆ? ‘ಸಂತ್ರಸ್ತರು’ ಎನ್ನಲೂ ಬಾರದು. ಆಲಮಟ್ಟಿ ಹಿನ್ನೀರಿನ ಮುಳುಗಡೆ ಕಂಡ ಈ ಜಿಲ್ಲೆಯಲ್ಲಿ ಅದು ಕಳೆದುಕೊಂಡ ಮೇಲೆ ಬರುವ ಹೆಸರು. ಯೋಜನೆಗೆ ಬೇಕಾದದ್ದು ಕಳೆದುಕೊಳ್ಳುವ ಮೊದಲಿನ ಹೆಸರು.

ಸೂಚನೆಯಲ್ಲಿ ಹೀಗೆ ಬರೆಯಿರಿ: ‘ಈ ಹಳ್ಳದಿಂದ ಲಾಭ-ಲುಕ್ಸಾನು ಆಗುವ ಎಲ್ಲರೂ’. ಇಂಗ್ಲಿಷಿನ ‘ಸ್ಟೇಕ್’ ಪಣಕ್ಕಿಟ್ಟದ್ದು: ಗೆದ್ದರೆ ಲಾಭ, ಸೋತರೆ ಲುಕ್ಸಾನು. ನಮ್ಮ ಜೋಡಿಪದ ಎರಡನ್ನೂ ಹಿಡಿಯುತ್ತದೆ. ಅದರ ಕೆಳಗೆ ಯಾರು ಯಾರು ಎಂದು ಬಿಡಿಸಿ ಬರೆಯಬೇಕು, ಸರ್ವೆ ನಂಬರುಗಳೊಂದಿಗೆ. ಉದಾಹರಣೆಗೆ, ಎರಿ (ಕಪ್ಪು) ಮಣ್ಣಿನಲ್ಲಿ ಚೆಕ್ ಡ್ಯಾಮಿನ ರೆಕ್ಕೆಗೋಡೆ, ಅಂದರೆ ಎರಡು ಬದಿಗೆ ಚಾಚಿದ ಗೋಡೆ, ದಂಡೆಯೊಳಗೆ ಸಾಕಷ್ಟು ಹೋಗದಿದ್ದರೆ ನೆರೆ ಬಂದಾಗ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ. ಕೊಚ್ಚಿಹೋಗುವುದು ಆ ದಂಡೆಯ ಹೊಲ. ಫಲಾನುಭವಿಗಳ ಪಟ್ಟಿಯಲ್ಲಿ ಆ ಹೊಲದವನ ಹೆಸರು ಇರುವುದೇ ಇಲ್ಲ.

‘ಅಹವಾಲು ಸಭೆ’ ಬೇಡ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಲ್ಲಿ ಅದಕ್ಕೆ ಗೊತ್ತಾದ ಅರ್ಥವಿದೆ: ಕನಿಷ್ಠ 30 ದಿನ ಮುಂಚಿತ ನೋಟಿಸು, ನಡಾವಳಿಯ ದಾಖಲೆ. ಅದೂ ಅಲ್ಲದೆ ಅಹವಾಲು ಎಂದರೆ ದೂರು, ಬಿನ್ನಹ. ಯೋಜನೆಯ ನಕ್ಷೆಯನ್ನೇ ಇನ್ನೂ ಬರೆದಿಲ್ಲದಿರುವಾಗ ಜನರಿಂದ ದೂರು ಕೇಳುವುದೇಕೆ? ಯುರೋಪಿಯನ್ ಒಕ್ಕೂಟದ ನೀರಿನ ಕಾನೂನಾದ 2000ದ ‘ನೀರಿನ ಚೌಕಟ್ಟು ನಿರ್ದೇಶನ’ದ 14ನೆಯ ವಿಧಿ ಮೂರು ಕೆಲಸಗಳನ್ನು ಬೇರೆ ಬೇರೆ ಇಟ್ಟಿದೆ: ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಕೂಡಿ ಕೆಲಸ ಮಾಡುವುದು. ಕನ್ನಡದಲ್ಲಿ ಈ ಮೂರನ್ನೂ ‘ಸಹಭಾಗಿತ್ವ’ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದ, ಸಹಿ ಮಾಡಿ ಚಹಾ ಕುಡಿದು ಹೋದದ್ದೂ ಸಹಭಾಗಿತ್ವ ಆಗಿಬಿಡುತ್ತದೆ. ‘ಮಾಹಿತಿ ಸಭೆ’, ‘ಅಭಿಪ್ರಾಯ ಸಭೆ’, ‘ಕೂಡಿ ತೀರ್ಮಾನಿಸುವ ಸಭೆ’ ಎಂದು ಯಾವುದು ನಡೆಯುತ್ತದೋ ಅದನ್ನೇ ಬರೆಯಿರಿ. ‘ಪಾಲ್ಗೊಳ್ಳು’ ಪದವನ್ನು ಮೂರನೆಯದಕ್ಕೆ ಮೀಸಲಿಡಿ. ಪಾಲನ್ನು ಕೊಳ್ಳುವುದೇ ಅದರ ಮೂಲಾರ್ಥ.

ಚಿಕ್ಕೋಡಿಯಿಂದ:

ಮೇಲಿನವರ ಮಾತು ಒಪ್ಪಿದೆ. ಮೂರನೆಯ ಪ್ರಶ್ನೆಗೆ ಸ್ವಲ್ಪ ಸೇರಿಸುತ್ತೇನೆ. ‘ನೈಸರ್ಗಿಕ ನೀರು ನಿರ್ವಹಣೆ’ಯಲ್ಲಿ ‘ನೈಸರ್ಗಿಕ’ ನೀರಿಗೂ ಅಂಟುತ್ತದೆ, ನಿರ್ವಹಣೆಗೂ ಅಂಟುತ್ತದೆ. ಊರವರಿಗೆ ‘ಮಳೆ ನೀರನ್ನು ಹೊಲ-ಹಳ್ಳದಲ್ಲೇ ತಡೆದು ಇಂಗಿಸುವುದು’ ಸಾಕು. ವರದಿಗೆ ‘ನಿಸರ್ಗಾಧಾರಿತ ನೀರು ನಿರ್ವಹಣೆ’ ನಡೆಯುತ್ತದೆ.

ಇನ್ನೊಂದು ಎಚ್ಚರ. ಜಲಾನಯನ ಕಾಗದಗಳಲ್ಲಿ ‘ನಾಲಾ’ ಅಂದರೆ ಹಳ್ಳ, ಮಂಡ್ಯ ಕಡೆಯ ‘ನಾಲೆ’ ಅಂದರೆ ತೋಡಿದ ಕಾಲುವೆ. ಎರಡೂ ಒಂದೇ ಪುಟದಲ್ಲಿ ಬಂದರೆ ಓದಿದವರು ಕಾಲುವೆ ನೀರು ಬರುತ್ತದೆ ಎಂದುಕೊಳ್ಳುತ್ತಾರೆ. ‘ಹಳ್ಳ’, ‘ಕಾಲುವೆ’ ಎಂದೇ ಇಡಿ.

ಸಭೆಯ ತಾರೀಖನ್ನು ಹಿಂಗಾರಿ ಬಿತ್ತನೆಯಲ್ಲೂ ಕಬ್ಬಿನ ಕಟಾವಿನಲ್ಲೂ ಇಡಬೇಡಿ. ನೋಟಿಸು ಪಂಚಾಯಿತಿ ಬಾಗಿಲಿಗೆ ಅಂಟಿಸಿದರೆ ಸಾಲದು, ಡಂಗುರವೂ ಬೇಕು. ಮೇಲ್ದಂಡೆ, ಕೆಳದಂಡೆಯವರನ್ನು ಮೊದಲು ಬೇರೆ ಬೇರೆ ಕೂಡಿಸಿ, ಆಮೇಲೆ ಒಟ್ಟಿಗೆ ಹಳ್ಳದ ಗುಂಟ ನಡೆಸಿ. ಊರವರು ಎತ್ತಿದ ಆಕ್ಷೇಪಣೆಗಳ ಪಟ್ಟಿಯ ಕೊನೆಯ ಅಂಕಣಕ್ಕೆ ‘ಪರಿಶೀಲಿಸಲಾಗುವುದು’ ಎಂದು ಬರೆದರೆ ಅದು ಉತ್ತರವಲ್ಲ. ಅಲ್ಲಿ ಇರಬೇಕಾದ ತಲೆಬರಹ: ‘ಒಪ್ಪಿದೆ / ಒಪ್ಪಿಲ್ಲ, ಕಾರಣ’.