ಪೆನಾಂಗಿನ ಚೀನೀ ಹೊಸ ವರ್ಷದಲ್ಲಿ ಒಂಬತ್ತನೆಯ ದಿನವೇ ದೊಡ್ಡದೇಕೆ?

ಪ್ರಶ್ನೆ: ಬಾಯಾನ್ ಲೆಪಾಸ್ ನಿವಾಸಿ

ಮಾನ್ಯರೇ, ನಾವು ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಬಂದು ಎಂಟು ತಿಂಗಳಾಯಿತು. ನಮ್ಮ ಪಕ್ಕದ ಮನೆಯಲ್ಲಿ ಹೊಕ್ಕಿಯೆನ್ ಮಾತನಾಡುವ ಚೀನೀ ಕುಟುಂಬವಿದೆ. ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೂವರು ಮೊಮ್ಮಕ್ಕಳು. 2026ರ ಫೆಬ್ರವರಿ 17ರಂದು ಆರಂಭವಾಗುವ ಅವರ ಹೊಸ ವರ್ಷಕ್ಕೆ ನಮ್ಮನ್ನು ಎರಡು ಸಲ ಕರೆದಿದ್ದಾರೆ: ಮೊದಲ ದಿನ ಮಧ್ಯಾಹ್ನದ ಊಟಕ್ಕೆ, ಮತ್ತೆ ಎಂಟನೆಯ ದಿನ ರಾತ್ರಿ ಹನ್ನೊಂದು ಗಂಟೆಗೆ ಪೂಜೆಗೆ. "ನಮಗೆ ಮೊದಲ ದಿನಕ್ಕಿಂತ ಒಂಬತ್ತನೆಯ ದಿನವೇ ದೊಡ್ಡದು, ಅಂದಿಗೆ ಎಲೆಸಹಿತ ಕಬ್ಬು ಬೇಕೇ ಬೇಕು" ಎಂದು ಅಜ್ಜಿ ಹೇಳಿದರು. ಇದರ ಹಿನ್ನೆಲೆ ಏನು? ಹೋಗುವಾಗ ಏನನ್ನು ಒಯ್ಯಬೇಕು? ಮಕ್ಕಳ ಕೈಗೆ ಹಣ ಕೊಡುವ ಪದ್ಧತಿ ಇದೆಯಂತೆ. ನಾವು ಎಷ್ಟು ಕೊಡಬೇಕು? ನಾವು ಸಸ್ಯಾಹಾರಿಗಳು, ಅವರ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳಬೇಕೆಂಬುದು ನಮ್ಮ ಆಸೆ.

ಉತ್ತರ: ಜಾರ್ಜ್ ಟೌನ್ ಗೃಹಿಣಿ

ಹಣದ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಕನ್ನಡಿಗರು ತಪ್ಪುವುದು ಅಲ್ಲಿಯೇ. ನಾವು ಮದುವೆ, ಮುಂಜಿಗಳಲ್ಲಿ ನೂರೊಂದು, ಐನೂರೊಂದು ಎಂದು ಒಂದು ರೂಪಾಯಿ ಸೇರಿಸಿ ಕೊಡುತ್ತೇವೆ. ಇಲ್ಲಿಯ ಚೀನೀಯರಲ್ಲಿ ಬೆಸ ಸಂಖ್ಯೆಯ ಹಣವನ್ನು ಕೊಡುವುದು ಸಾವಿನ ಮನೆಗೆ. ಆದ್ದರಿಂದ ಆಂಗ್ ಪಾವ್ ಎಂಬ ಕೆಂಪು ಲಕೋಟೆಯಲ್ಲಿ ಹನ್ನೊಂದು ರಿಂಗಿಟ್ ಇಟ್ಟು ಕೊಟ್ಟರೆ, ನಿಮ್ಮ ಶುಭಕಾಮನೆ ಅವರಿಗೆ ಅಪಶಕುನವಾಗಿ ತೋರಬಹುದು. ಸಮಸಂಖ್ಯೆಯ ಮೊತ್ತವನ್ನು ಹೊಸ ನೋಟುಗಳಲ್ಲಿ ಇಡಿ. ಅವರ ಭಾಷೆಯಲ್ಲಿ ನಾಲ್ಕು ಎಂಬ ಪದದ ಉಚ್ಚಾರ ಸಾವು ಎಂಬ ಪದಕ್ಕೆ ಹತ್ತಿರವಾದ್ದರಿಂದ ನಾಲ್ಕನ್ನು ಮಾತ್ರ ಬಿಡಿ. ಮದುವೆಯಾದವರು ಮಕ್ಕಳಿಗೂ ಅವಿವಾಹಿತರಿಗೂ ಕೊಡುವುದು ರೂಢಿ. ನಿಮ್ಮ ಮಕ್ಕಳಿಗೂ ಲಕೋಟೆ ಬರುತ್ತದೆ. ಎರಡೂ ಕೈಗಳಿಂದ ತೆಗೆದುಕೊಳ್ಳಬೇಕು, ಕೊಟ್ಟವರ ಎದುರಿಗೆ ತೆರೆಯಬಾರದು ಎಂದು ಅವರಿಗೆ ಮೊದಲೇ ಹೇಳಿಡಿ.

ಒಯ್ಯಬೇಕಾದದ್ದು ಕಿತ್ತಳೆ, ಅದೂ ಜೋಡಿಯಾಗಿ. ನೀವು ಎರಡು ಕೊಟ್ಟರೆ, ಹೊರಡುವಾಗ ಅವರೂ ಎರಡನ್ನು ನಿಮ್ಮ ಕೈಗಿಡುತ್ತಾರೆ. ಇದನ್ನು ಉಡುಗೊರೆಯನ್ನು ಹಿಂದಿರುಗಿಸಿದಂತೆ ಎಂದು ಭಾವಿಸಬೇಡಿ. ಅನಾನಸ್ ಹೂರಣ ತುಂಬಿದ ಪುಟ್ಟ ಟಾರ್ಟ್‌ಗಳನ್ನೂ ಒಯ್ಯಬಹುದು. ಹೊಕ್ಕಿಯೆನ್ ಭಾಷೆಯಲ್ಲಿ ಅನಾನಸಿಗೆ ಇರುವ ‘ಓಂಗ್ ಲಾಯ್’ ಎಂಬ ಹೆಸರು ಕಿವಿಗೆ ‘ಸಮೃದ್ಧಿ ಬರಲಿ’ ಎಂದೂ ಕೇಳಿಸುತ್ತದೆ. ಗಡಿಯಾರವನ್ನು ಕೊಡಬೇಡಿ, ಕಪ್ಪು ಬಟ್ಟೆ ಉಡಬೇಡಿ.

ಊಟದ ಚಿಂತೆ ಬೇಡ. ಅನೇಕ ಬೌದ್ಧ ಕುಟುಂಬಗಳಲ್ಲಿ ವರ್ಷದ ಮೊದಲ ದಿನ ಮಾಂಸ ವರ್ಜ್ಯ. ನಿಷ್ಠೆಯಿಂದ ಪಾಲಿಸುವವರು ನಮ್ಮ ಚಾತುರ್ಮಾಸ್ಯದ ಮನೆಗಳಂತೆ ಈರುಳ್ಳಿ, ಬೆಳ್ಳುಳ್ಳಿಗಳನ್ನೂ ಮುಟ್ಟುವುದಿಲ್ಲ. ನಿಮ್ಮ ಆಹಾರಪದ್ಧತಿಯನ್ನು ಬಲ್ಲ ಅಜ್ಜಿ ಆ ದಿನವನ್ನೇ ಆರಿಸಿ ನಿಮ್ಮನ್ನು ಕರೆದಿರಬಹುದು. ‘ಚಿಯಾ ಚಾಯ್’ ಎಂದರೆ ಸಸ್ಯಾಹಾರ ಸೇವನೆ ಎಂದರ್ಥ. ಆ ಎರಡು ಪದಗಳನ್ನು ಕಲಿತುಕೊಳ್ಳಿ.

ಇನ್ನು ಕಬ್ಬಿನ ಕಥೆ. ಹೊಕ್ಕಿಯೆನ್ ಜನರ ಪೂರ್ವಿಕರು ಚೀನಾದ ಆಗ್ನೇಯ ಕರಾವಳಿಯ ಫುಜಿಯನ್ ಪ್ರಾಂತ್ಯದವರು. ಹೊಸ ವರ್ಷದ ಸಮಯದಲ್ಲೇ ದಾಳಿಕೋರರು ನುಗ್ಗಿದಾಗ ಅವರು ಕಬ್ಬಿನ ಗದ್ದೆಯೊಳಗೆ ಅಡಗಿ ಜೀವ ಉಳಿಸಿಕೊಂಡರೆಂದೂ, ಅಪಾಯ ಕಳೆದು ಹೊರಗೆ ಬಂದದ್ದು ಒಂಬತ್ತನೆಯ ದಿನವೆಂದೂ, ಅದು ‘ತೀ ಕಾಂಗ್’ ಅಂದರೆ ಆಕಾಶದೊಡೆಯನಾದ ಜೇಡ್ ಚಕ್ರವರ್ತಿಯ ಜನ್ಮದಿನವಾಗಿತ್ತೆಂದೂ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಅವರ ಮೊದಲ ಎಂಟು ದಿನಗಳು ಗದ್ದೆಯಲ್ಲೇ ಕಳೆದುಹೋದವು; ಹಬ್ಬ ಆರಂಭವಾದದ್ದೇ ಒಂಬತ್ತರಂದು. ಕಬ್ಬಿಗೆ ಅವರು ಹೇಳುವ ‘ಕಂ ಚಿಯಾ’ ಎಂಬ ಪದವು ಕೃತಜ್ಞತೆಯ ‘ಕಂ ಸಿಯಾ’ ಎಂಬ ಪದಕ್ಕೆ ಬಹಳ ಹತ್ತಿರ. ಹಳೆಯ ಚೀನೀ ಕಾಲಗಣನೆಯಲ್ಲಿ ರಾತ್ರಿ ಹನ್ನೊಂದಕ್ಕೇ ಮರುದಿನ ಹುಟ್ಟುವುದರಿಂದ ಎಂಟನೆಯ ರಾತ್ರಿಯೇ ಪೂಜೆ ಶುರುವಾಗುತ್ತದೆ. ಕೆಂಪು ಬಟ್ಟೆ ಹೊದಿಸಿದ ಎತ್ತರದ ಮೇಜು, ಅದರ ಎರಡು ಬದಿಗೆ ಕಟ್ಟಿದ ಕಬ್ಬಿನ ಜೋಡಿ, ಆಮೆಯಾಕಾರದ ಕೆಂಪು ತಿಂಡಿ, ಕೊನೆಯಲ್ಲಿ ಬಂಗಾರದ ಬಣ್ಣದ ಕಾಗದದೊಂದಿಗೆ ಕಬ್ಬನ್ನೂ ಅಗ್ನಿಗೆ ಅರ್ಪಿಸುವುದು. ಸಾಧ್ಯವಾದರೆ ಅದೇ ರಾತ್ರಿ ವೆಲ್ಡ್ ಕೀ ದಂಡೆಯ ಚ್ಯೂ ಜೆಟ್ಟಿಗೂ ಹೋಗಿ ಬನ್ನಿ. ಸಮುದ್ರದೊಳಗೆ ಮರದ ಕಂಬಗಳ ಮೇಲೆ ಮನೆ ಕಟ್ಟಿಕೊಂಡಿರುವ ಚ್ಯೂ ಕುಲದವರು ನೈವೇದ್ಯದ ಮೇಜುಗಳನ್ನು ಸಾಲಾಗಿ ಜೋಡಿಸುವುದನ್ನು ನಾನು ಹಲವು ವರ್ಷ ನೋಡಿದ್ದೇನೆ. ಪ್ರತಿ ಸಲವೂ ಕಣ್ಣು ತುಂಬುತ್ತದೆ.

ಉತ್ತರ: ಸಿಂಗಪುರ ಕನ್ನಡಿಗ

ಒಂದು ವಿಷಯ ಸೇರಿಸುತ್ತೇನೆ. ಸಾಗರದಾಚೆಯ ಚೀನೀಯರ ಆಚರಣೆಗಳೆಲ್ಲವೂ ಚೀನಾದಿಂದ ಇದ್ದಂತೆಯೇ ಬಂದವಲ್ಲ. ಇಲ್ಲಿ ಏಳನೆಯ ದಿನವನ್ನು ಮನುಷ್ಯರೆಲ್ಲರ ಜನ್ಮದಿನವೆಂದು ಎಣಿಸಿ, ತುರಿದ ತರಕಾರಿ ಮತ್ತು ಹಸಿ ಮೀನಿನ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ನಿಂತು, ಚಾಪ್‌ಸ್ಟಿಕ್‌ನಿಂದ ಎತ್ತೆತ್ತಿ ಹಾರಿಸುತ್ತ ಶುಭನುಡಿಗಳನ್ನು ಕೂಗುತ್ತಾರೆ. ಇದಕ್ಕೆ ‘ಲೋ ಹೇ’ ಎಂದು ಹೆಸರು. ಇಂದಿನ ರೂಪದಲ್ಲಿ ಇದು ಜನಪ್ರಿಯವಾದದ್ದು 1960ರ ದಶಕದ ಸಿಂಗಪುರದಲ್ಲಿ. ಮೀನಿಲ್ಲದ ತಟ್ಟೆಯೂ ಸಿಗುತ್ತದೆ. ನಮ್ಮ ಕುಟುಂಬ ಅದರಲ್ಲೇ ಪಾಲ್ಗೊಳ್ಳುತ್ತದೆ.

ಉತ್ತರ: ಜಕಾರ್ತದಿಂದ

ನೆರೆಯ ಇಂಡೋನೇಷ್ಯಾದಲ್ಲಿ ಇದೇ ಹಬ್ಬಕ್ಕೆ ‘ಇಮ್ಲೆಕ್’ ಎನ್ನುತ್ತಾರೆ. ಸುಹಾರ್ತೋ ಆಡಳಿತವು 1967ರಲ್ಲಿ ಚೀನೀ ಆಚರಣೆಗಳನ್ನು ಸಾರ್ವಜನಿಕವಾಗಿ ನಡೆಸದಂತೆ ನಿರ್ಬಂಧಿಸಿತು. ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಅವರು 2000ದಲ್ಲಿ ಆ ನಿರ್ಬಂಧವನ್ನು ತೆರವುಗೊಳಿಸಿದರು. 2003ರಿಂದ ಇಮ್ಲೆಕ್ ರಾಷ್ಟ್ರೀಯ ರಜೆಯಾಯಿತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬಾಲ್ಯದಲ್ಲಿ ಸಿಂಹನೃತ್ಯವನ್ನು ಬೀದಿಯಲ್ಲಿ ಒಮ್ಮೆಯೂ ಕಂಡವರಲ್ಲ. ಅವರಿಗೆ ಹಬ್ಬವೆಂದರೆ ಬಾಗಿಲು ಮುಚ್ಚಿದ ಮನೆಯೊಳಗೆ ತಾಯಿ ಹಬೆಯಲ್ಲಿ ಬೇಯಿಸುತ್ತಿದ್ದ ಅಂಟಕ್ಕಿ ಹಿಟ್ಟು ಮತ್ತು ಸಕ್ಕರೆಯ ಸಿಹಿ. ಆದ್ದರಿಂದ ಹಿರಿಯರನ್ನು ಪ್ರಶ್ನಿಸುವಾಗ ಅವರ ನೆನಪುಗಳೆಲ್ಲ ಸಂತೋಷದವೇ ಆಗಿರುತ್ತವೆಂದು ಊಹಿಸಬೇಡಿ.

ಉತ್ತರ: ಕೋಲ್ಕತ್ತದಲ್ಲಿರುವ ಮೈಸೂರಿನವರು

ಭಾರತದಲ್ಲಿಯೂ ಈ ಹಬ್ಬಕ್ಕೆ ಹಳೆಯ ನೆಲೆಯಿದೆ. ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಹೂಗ್ಲಿ ನದಿಯ ದಡದಲ್ಲಿ ಭೂಮಿ ಪಡೆದು ಸಕ್ಕರೆ ಕಾರ್ಖಾನೆ ನಡೆಸಿದ ಟಾಂಗ್ ಅಚ್ಯೂ ಎಂಬವರ ಹೆಸರೇ ಅಚಿಪುರಕ್ಕೆ ಉಳಿದಿದೆ. ಹೊಸ ವರ್ಷ ಬಂತೆಂದರೆ ಕೋಲ್ಕತ್ತದ ಚೀನೀ ಕುಟುಂಬಗಳು ಅಲ್ಲಿಗೆ ಹೋಗಿ ಅವರ ಕೆಂಪು ಸಮಾಧಿಗೂ, ಊರವರು ಖುದಾ–ಖುದಿ ಎಂದು ಕರೆಯುವ ದೇವ ದಂಪತಿಗೂ ಧೂಪ ಬೆಳಗುತ್ತವೆ. ಪೆನಾಂಗಿನಲ್ಲಿ ದೇವರ ಮೇಜಿಗೆ ಕಬ್ಬು, ಇಲ್ಲಿ ಮೂಲಪುರುಷನ ಬದುಕೇ ಕಬ್ಬು.

ಬಾಯಾನ್ ಲೆಪಾಸ್ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೂರೊಂದರ ಅಭ್ಯಾಸವಿರುವ ನನ್ನ ತಾಯಿಯವರಿಗೆ ಇಂದೇ ಫೋನಿನಲ್ಲಿ ವಿಷಯ ತಿಳಿಸಿದೆ, ಏಕೆಂದರೆ ಹಬ್ಬದ ಹೊತ್ತಿಗೆ ಅವರೂ ಇಲ್ಲಿರುತ್ತಾರೆ. ಪಂಚಾಂಗ ನೋಡಿದಾಗ ಫೆಬ್ರವರಿ 17 ಶಿವರಾತ್ರಿ ಕಳೆದು ಎರಡನೆಯ ದಿನ, ಮಾಘ ಅಮಾವಾಸ್ಯೆ. ಅಂದು ತಾಯಿಯವರು ತಂದೆಯವರ ಹೆಸರಿನಲ್ಲಿ ತರ್ಪಣ ಮಾಡಿಸುವ ರೂಢಿ. ಅದನ್ನು ಬೆಳಿಗ್ಗೆಯೇ ಮುಗಿಸಿ ಮಧ್ಯಾಹ್ನ ಪಕ್ಕದ ಮನೆಗೆ ಹೋಗಬಹುದೇ ಎಂದು ಅಜ್ಜಿಯನ್ನೇ ಕೇಳಿದೆ. ಅವರೂ ಅಂದು ಬೆಳಿಗ್ಗೆ ಮೊದಲು ಹಿರಿಯರ ಫಲಕಕ್ಕೆ ಧೂಪ ಹಚ್ಚಿದ ಮೇಲೆಯೇ ಊಟಕ್ಕೆ ಕೂರುತ್ತಾರಂತೆ. ಒಂದು ಗಂಟೆಗೆ ಬನ್ನಿ ಎಂದರು.